ಇಪ್ಪತ್ತು ಸಾವಿರದಲ್ಲಿ ಡ್ರಿಫ್ಟಿಂಗ್ ಕಲಿಕೆ: ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29 ಸೆಟ್ಟಿನ ಎಂಟು ತಿಂಗಳ ಅನುಭವ

ಡ್ರಿಫ್ಟಿಂಗ್ ಕಲಿಯಬೇಕು ಎಂದು ದಾವಣಗೆರೆಯಲ್ಲಿ ಯಾರ ಮುಂದೆ ಹೇಳಿದರೂ ಮೊದಲು ನಗುತ್ತಾರೆ. ಕಳೆದ ನವೆಂಬರಿನಲ್ಲಿ, ಮೆಕ್ಕೆಜೋಳದ ಸೀಸನ್ನಿನ ನಡುವೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ನಮ್ಮ ಮನೆಯ ಗಾಡಿಗಳನ್ನು ನೋಡಿಕೊಳ್ಳುವ ಹಳೇ ಪಿ.ಬಿ. ರಸ್ತೆಯ ಮೇಸ್ತ್ರಿಯ ಬಳಿ ಹೋಗಿ, ಅಭ್ಯಾಸಕ್ಕೆಂದೇ ಒಂದು ಹಳೆಯ ಕಾರನ್ನು ತಯಾರು ಮಾಡಲು ಎಷ್ಟಾಗುತ್ತದೆ ಎಂದು ಕೇಳಿದಾಗ ಅವರೂ ನಕ್ಕರು. ನಾನು ತಮಾಷೆಗೆ ಕೇಳುತ್ತಿಲ್ಲವೆಂದು ತಿಳಿದ ಮೇಲೆ ಬಿಲ್ ಪುಸ್ತಕದ ಹಾಳೆಯೊಂದನ್ನು ಹರಿದು, ಅದರ ಬೆನ್ನಿಗೆ ಲೆಕ್ಕ ಬರೆದರು: ಗಾಡಿಯ ಬೆಲೆ, ಕ್ಲಚ್ ಪ್ಲೇಟು, ಹಿಂದಿನ ಡಿಫರೆನ್ಷಿಯಲ್ಲಿನ (ಎರಡು ಹಿಂಗಾಲಿಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ) ವೆಲ್ಡಿಂಗ್, ಹಿಡಿದು ಕೂರಿಸುವ ಸೀಟು, ಕೆಟ್ಟು ನಿಂತರೆ ಎಳೆದು ತರುವ ಬಾಡಿಗೆ. ಮೊತ್ತ ಎರಡು ಲಕ್ಷ ದಾಟಿತ್ತು. ಅದರ ಕೆಳಗೆ ಗೆರೆ ಎಳೆದು, ‘ಟೈರು ಸೇರಿಲ್ಲ’ ಎಂದು ಬರೆದರು. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದವನು ಕಾರು ಹುಡುಕುವುದನ್ನು ಬಿಟ್ಟು ಕಂಪ್ಯೂಟರಿಗೆ ಜೋಡಿಸುವ ಸ್ಟೀರಿಂಗ್ ಹುಡುಕತೊಡಗಿದೆ. ಈ ವಿಮರ್ಶೆ ಆ ಸ್ಟೀರಿಂಗಿನ ಕುರಿತದ್ದು. ಆದರೆ ನಾನು ಅದನ್ನು ಆಟದ ಸಾಮಾನಾಗಿ ಅಳೆಯುತ್ತಿಲ್ಲ. ಇದರ ಮುಂದೆ ಕಲಿತದ್ದು ನಿಜವಾದ ಗಾಡಿಯ ಹಿಂಗಾಲಿಗಳು ಜಾರಿದಾಗ ಕೈಗೆ ಬರುತ್ತದೆಯೇ, ಎಷ್ಟು ಬರುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಕಾರಿನ ಆಸೆಯನ್ನು ಅಷ್ಟು ಬೇಗ ಬಿಟ್ಟದ್ದಕ್ಕೆ ಖರ್ಚಿನ ಹೊರತಾಗಿಯೂ ಕಾರಣವಿದೆ. ಡ್ರಿಫ್ಟ್ ಎಂದರೆ ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸಿ, ಮುಂಗಾಲಿಗಳನ್ನು ತಿರುವಿನ ವಿರುದ್ಧ ದಿಕ್ಕಿಗೆ ಹೊರಳಿಸಿ, ಆ ಜಾರುವಿಕೆಯನ್ನು ಆಕ್ಸಿಲರೇಟರಿನಿಂದ ಜೀವಂತವಾಗಿ ಇರಿಸಿಕೊಳ್ಳುವುದು. ಅದಕ್ಕೆ ಎಂಜಿನ್ನಿನ ಬಲ ಹಿಂಗಾಲಿಗಳಿಗೆ ಹೋಗುವ ಗಾಡಿಯೇ ಬೇಕು. ನಮ್ಮ ಬೀದಿಗಳಲ್ಲಿ ನಿಂತಿರುವ ಮಾರುತಿ 800, ಆಲ್ಟೊ, ಸ್ವಿಫ್ಟ್‌ಗಳೆಲ್ಲ ಮುಂಗಾಲಿ ಎಳೆಯುವ ಗಾಡಿಗಳು. ಹ್ಯಾಂಡ್ ಬ್ರೇಕ್ ಎಳೆದು ಅವುಗಳ ಹಿಂಭಾಗವನ್ನು ಒಂದು ಕ್ಷಣ ಜಾರಿಸಬಹುದೇ ಹೊರತು ಆ ಜಾರುವಿಕೆಗೆ ಮುಂದೆ ಬಲ ತುಂಬಲಾಗದು. ಹಿಂಗಾಲಿ ಗಾಡಿಗಳ ಪೈಕಿ ಪ್ರೀಮಿಯರ್ ಪದ್ಮಿನಿ ನಿಂತು ಎರಡು ದಶಕಗಳಾದವು, ಕಾಂಟೆಸ್ಸಾ 2002ರಲ್ಲಿ ನಿಂತಿತು, ಅಂಬಾಸಿಡರ್ 2014ರಲ್ಲಿ, ಓಮ್ನಿ 2019ರಲ್ಲಿ. ಸ್ಥಿತಿ ಚೆನ್ನಾಗಿರುವ ಕಾಂಟೆಸ್ಸಾ ಈಗ ಹವ್ಯಾಸಿ ಸಂಗ್ರಾಹಕರ ವಸ್ತು. ಅದನ್ನು ಜಾರಿಸಿ ಗೋಡೆಗೆ ಬಡಿಯುವುದು ಪಾಪದ ಕೆಲಸ. ಡ್ರಿಫ್ಟಿಗೆ ದೊಡ್ಡ ಎಂಜಿನ್ ಬೇಕೇಬೇಕು ಎಂಬುದು ಮಾತ್ರ ತಪ್ಪು ತಿಳಿವಳಿಕೆ. ಜಪಾನಿನ ಡ್ರಿಫ್ಟ್ ಚಾಲಕ ಕೆಯಿಚಿ ತ್ಸುಚಿಯಾ ಹೆಸರುವಾಸಿ ಮಾಡಿದ ಟೊಯೋಟಾ ಎಇ86, 1983ರಿಂದ 1987ರವರೆಗೆ ತಯಾರಾದ ಬರೀ 1.6 ಲೀಟರಿನ ಹಗುರ ಕಾರು. ನಮ್ಮಲ್ಲಿ ಆ ಜಾತಿಯ ಅಗ್ಗದ ಗಾಡಿ ಇಲ್ಲ ಎಂಬುದೇ ತೊಡಕು.

ಇನ್ನು ಜಾಗದ ಮಾತು. ಊರಿನ ಹೊರಗೆ ಮನೆಗಳಿನ್ನೂ ಏಳದ ಹೊಸ ಬಡಾವಣೆಗಳ ಡಾಂಬರಿನ ಮೇಲೆ ಟೈರಿನ ಕಪ್ಪು ಉಂಗುರಗಳನ್ನು ನಾನೂ ನೋಡಿದ್ದೇನೆ. ಮನೆಯಿಲ್ಲದ ಮಾತ್ರಕ್ಕೆ ಅದು ಖಾಸಗಿ ಮೈದಾನವಾಗುವುದಿಲ್ಲ; ಸಾರ್ವಜನಿಕರು ಓಡಾಡುವ ಜಾಗದಲ್ಲಿ ಹೀಗೆ ಗಾಡಿ ಓಡಿಸಿದರೆ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಅನ್ವಯಿಸುತ್ತದೆ, ಮತ್ತು ಓಡಿಸಿದವನು ಅಪ್ರಾಪ್ತನಾಗಿದ್ದರೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮಿನ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡದ ಜೊತೆ ಮೂರು ವರ್ಷದವರೆಗೆ ಸೆರೆವಾಸವೂ ಆಗಬಹುದು. ರೇಸು, ವೇಗ ಪರೀಕ್ಷೆಗಳಿಗೆ ಬಳಸಿದ ಗಾಡಿಗೆ ಸಾಮಾನ್ಯ ವಿಮೆಯೂ ದಕ್ಕುವುದಿಲ್ಲ. ದಕ್ಷಿಣದ ಕಾನೂನುಬದ್ಧ ರೇಸ್ ಟ್ರ್ಯಾಕುಗಳಲ್ಲಿ ಹೆಸರಾದವು ಚೆನ್ನೈ ಬಳಿಯ ಇರುಂಗಾಟುಕೋಟೆ, ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ. ಕಲಿಕೆಯ ಮೊದಲ ವಾರ ಮಾಡುವ ನೂರು ತಪ್ಪುಗಳಿಗಾಗಿ ಅಲ್ಲಿಯವರೆಗೆ ಹೋಗುವುದು ದಾವಣಗೆರೆಯವನಿಗೆ ಆಗುವ ಮಾತಲ್ಲ.

ಸೆಟ್ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ, ಓದು ಮುಗಿಸಿ ಊರು ಬಿಡುತ್ತಿದ್ದ ಹುಡುಗನೊಬ್ಬನಿಂದ, 14,500 ರೂಪಾಯಿಗೆ. ಜಿ29 ಎಂಬುದು 2015ರಲ್ಲಿ ಬಂದ ಮಾದರಿ: ಚರ್ಮ ಹೊದಿಸಿದ ಚಕ್ರ, 900 ಡಿಗ್ರಿ ಅಂದರೆ ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು, ಒಳಗೆ ಎರಡು ಮೋಟಾರು ಮತ್ತು ಹಲ್ಲಿನ ಗೇರುಗಳು, ಕೆಳಗೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಂದು ಮೂರು ಪೆಡಲ್. ಈ ಮೂರನೆಯ ಪೆಡಲಿಗಾಗಿಯೇ ನಾನು ಇದನ್ನು ಆರಿಸಿಕೊಂಡೆ. ಇದಕ್ಕಿಂತ ಅಗ್ಗದ ಸೆಟ್ಟುಗಳಲ್ಲಿ ಹೆಚ್ಚಿನವು ಎರಡೇ ಪೆಡಲಿನವು, ಮತ್ತು ಕ್ಲಚ್ ಇಲ್ಲದೆ ಡ್ರಿಫ್ಟ್ ಕಲಿಯುವುದು ಒಂದು ಕೈ ಕಟ್ಟಿಕೊಂಡು ಈಜು ಕಲಿತಂತೆ. ಗೇರ್ ಕೋಲು ಬೇರೆಯಾಗಿ ಕೊಳ್ಳಬೇಕು, ನಾನು ಕೊಳ್ಳಲಿಲ್ಲ. ಕಲಿಯುವವನ ಕೆಲಸ ಎರಡನೇ ಗೇರಿನಲ್ಲೇ ಮುಗಿಯುತ್ತದೆ, ಮೂರನೆಯದಕ್ಕೆ ಚಕ್ರದ ಹಿಂದಿನ ಗುಂಡಿ ಸಾಕು. ಗೇರ್ ಕೋಲು ಬೇಕೇಬೇಕು ಎನ್ನುವವರು ಇದಕ್ಕಿಂತ ಹಳೆಯ ಜಿ27 ಹುಡುಕಬಹುದು, ಅದರ ಜೊತೆಗೇ ಗೇರ್ ಕೋಲೂ ಬರುತ್ತಿತ್ತು.

ಮಾರಿದ ಹುಡುಗ ಒಂದು ವಿಷಯವನ್ನು ಮುಚ್ಚಿಟ್ಟಿದ್ದ. ಮನೆಗೆ ತಂದು ಜೋಡಿಸಿದ ಮೊದಲ ರಾತ್ರಿಯೇ, ಕಾಲು ಇಡದಿದ್ದರೂ ಕ್ಲಚ್ ತಾನೇ ತಾನಾಗಿ ಅರ್ಧ ಒತ್ತಿದಂತೆ ಪರದೆಯ ಮೇಲಿನ ಪಟ್ಟಿ ನಡುಗುತ್ತಿತ್ತು. ಪೆಡಲ್ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಒಣಗಿದ ಚಹಾದ ಕಲೆ, ಅದಕ್ಕೆ ಅಂಟಿದ ಧೂಳು, ಮೂಲೆಯಲ್ಲೊಂದು ಮಂಡಕ್ಕಿ ಕಾಳು. ಪೆಡಲಿನ ಚಲನೆಯನ್ನು ಅಳೆಯುವುದು ರೇಡಿಯೊದ ವಾಲ್ಯೂಮ್ ಗುಂಡಿಯೊಳಗೆ ಇರುವಂಥದೇ ಒಂದು ಪೊಟೆನ್ಶಿಯೊಮೀಟರ್. ಅದರೊಳಗೆ ಕಸ ಸೇರಿದರೆ ಸಂಕೇತ ಕುಣಿಯುತ್ತದೆ. ಟಿ.ವಿ. ರಿಪೇರಿಯವರು ಬಳಸುವ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪೆಡಲನ್ನು ಇಪ್ಪತ್ತು ಮೂವತ್ತು ಬಾರಿ ಒತ್ತಿ ಬಿಟ್ಟ ಮೇಲೆ ಸರಿಹೋಯಿತು. ಹುಡುಗನಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಇಷ್ಟು ದುಡ್ಡು ಏಕೆ, ಮೂರು ಸಾವಿರಕ್ಕೂ ಸ್ಟೀರಿಂಗ್ ಸಿಗುತ್ತದಲ್ಲ ಎಂದು ಕೇಳುವವರಿಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಖರೀದಿಯ ಜೀವಾಳವೇ ಇದು. ಅಗ್ಗದ ಚಕ್ರದೊಳಗೆ ಒಂದು ಸ್ಪ್ರಿಂಗ್ ಇರುತ್ತದೆ. ನೀವು ಎತ್ತ ತಿರುಗಿಸಿದರೂ ಅದು ಚಕ್ರವನ್ನು ನಡುವಿಗೇ ಎಳೆಯುತ್ತದೆ. ಪರದೆಯ ಮೇಲಿನ ಕಾರು ನೇರ ಹೋಗುತ್ತಿರಲಿ, ಅಡ್ಡಡ್ಡ ಜಾರುತ್ತಿರಲಿ, ಅದಕ್ಕೆ ಗೊತ್ತಿರುವುದು ನಡು ಒಂದೇ. ನಿಜವಾದ ಕಾರು ಹಾಗಲ್ಲ. ಹಿಂಭಾಗ ಬಲಕ್ಕೆ ಜಾರತೊಡಗಿದ ಕೂಡಲೇ ಮುಂಗಾಲಿಗಳು ಕಾರಿನ ಮೂತಿ ತೋರುವ ದಿಕ್ಕನ್ನು ಬಿಟ್ಟು ಕಾರು ನಿಜವಾಗಿ ಸಾಗುತ್ತಿರುವ ದಿಕ್ಕಿಗೆ ತಿರುಗಲು ಹವಣಿಸುತ್ತವೆ. ತಳ್ಳುಗಾಡಿಯ ಪುಟ್ಟ ಚಕ್ರ ಎಳೆದತ್ತ ತಾನೇ ಹೊರಳಿಕೊಳ್ಳುವಂತೆ. ಕ್ಯಾಸ್ಟರ್ ಎಂದು ಕರೆಯುವ ಕೋನದ ಕೆಲಸ ಅದು. ಅದರ ಫಲವಾಗಿ ಚಾಲಕನ ಕೈಯಲ್ಲಿರುವ ಸ್ಟೀರಿಂಗ್ ತಾನಾಗಿಯೇ ವಿರುದ್ಧ ದಿಕ್ಕಿಗೆ ಸರಸರನೆ ಸುತ್ತುತ್ತದೆ. ಡ್ರಿಫ್ಟ್ ಮಾಡುವವರು ಸ್ಟೀರಿಂಗನ್ನು ಕ್ಷಣಕಾಲ ಬಿಟ್ಟು ಅಂಗೈಯೊಳಗೆ ಹರಿಯಲು ಬಿಟ್ಟು, ಬೇಕಾದಲ್ಲಿ ಹಿಡಿಯುವುದು ಇದಕ್ಕೇ. ಜಿ29ರ ಮೋಟಾರುಗಳು ಮಾಡುವುದು ಇದನ್ನೇ: ಆಟದೊಳಗಿನ ಕಾರಿನ ಮುಂಗಾಲಿಗಳಿಗೆ ಆಗುತ್ತಿರುವುದನ್ನು ಲೆಕ್ಕ ಹಾಕಿ, ಅದೇ ದಿಕ್ಕಿಗೆ ನಿಮ್ಮ ಕೈಯಲ್ಲಿನ ಚಕ್ರವನ್ನು ತಿರುಗಿಸುತ್ತವೆ. ಸ್ಪ್ರಿಂಗಿನ ಚಕ್ರದ ಮುಂದೆ ಆರು ತಿಂಗಳು ಕುಳಿತರೆ ಕೈ ಕಲಿಯುವುದು ಆ ಸ್ಪ್ರಿಂಗಿನ ಸುಳ್ಳನ್ನು, ಮತ್ತು ಆ ಸುಳ್ಳನ್ನು ಆಮೇಲೆ ಮರೆಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ನನ್ನ ಅಭಿಪ್ರಾಯದಲ್ಲಿ ಮೂರು ಸಾವಿರದ ಚಕ್ರ ಕೊಳ್ಳುವುದಕ್ಕಿಂತ ಕೊಳ್ಳದಿರುವುದು ಲೇಸು.

ಚಕ್ರವನ್ನು ಮೊದಲು ಮಗಳ ಓದುವ ಮೇಜಿಗೆ ಬಿಗಿದೆ. ಮೊದಲ ಜೋರು ತಿರುವಿಗೆ ಮೇಜೇ ಅರ್ಧ ಅಡಿ ಸರಿಯಿತು, ಬ್ರೇಕ್ ಒತ್ತಿದರೆ ಪೆಡಲ್ ಪೆಟ್ಟಿಗೆ ಗೋಡೆಯತ್ತ ಓಡಿತು, ಅದನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಗಾಲಿಯ ಕುರ್ಚಿ ನನ್ನನ್ನು ಹಿಂದಕ್ಕೆ ಒಯ್ದಿತು. ಹೊಸಬರು ಚಕ್ರಕ್ಕೆ ಇಡುವ ಗಮನದಲ್ಲಿ ಕಾಲು ಭಾಗವನ್ನಾದರೂ ಕೂರುವ ಜಾಗಕ್ಕೆ ಇಡಬೇಕು. ಗುಜರಿಯಲ್ಲಿ ಮಾರುತಿ 800ರ ಮುಂದಿನ ಸೀಟೊಂದು ಹಳಿಯ ಸಮೇತ ಸಿಕ್ಕಿತು; ಒಂದಿಂಚಿನ ಚೌಕಾಕಾರದ ಪೈಪು ತಂದುಕೊಟ್ಟು, ವೆಲ್ಡಿಂಗ್ ಅಂಗಡಿಯಲ್ಲಿ ಸೀಟು, ಚಕ್ರ, ಪೆಡಲ್ ಮೂರೂ ಒಂದೇ ಚೌಕಟ್ಟಿಗೆ ಸೇರುವಂತೆ ಮಾಡಿಸಿದೆ. ಎಲ್ಲ ಸೇರಿ 3,400 ರೂಪಾಯಿ. ಪೆಡಲಿನ ತಟ್ಟೆಯನ್ನು ಹಿಂದೆ ಮುಂದೆ ಸರಿಸಲು ಬೋಲ್ಟಿನ ಮೂರು ತೂತುಗಳನ್ನು ಕೊರೆಸಲು ಮರೆಯಬೇಡಿ. ನಾನು ಮರೆತು ಎರಡನೇ ಸಲ ಆಟೊಗೆ ನೂರೈವತ್ತು ಕೊಟ್ಟು ಹೋಗಬೇಕಾಯಿತು. ಈಗ ನಮ್ಮ ತಾಯಿಗೆ ಮನೆಯಲ್ಲಿ ಬೆನ್ನಿಗೆ ಆರಾಮ ಕೊಡುವ ಒಂದೇ ಆಸನ ಇದಾಗಿದ್ದು, ಹಗಲು ಹೊತ್ತು ಅವರು ಅದರಲ್ಲಿ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಾರೆ.

ಹ್ಯಾಂಡ್ ಬ್ರೇಕಿನ ಕತೆ ಇಷ್ಟು ಸುಖಕರವಲ್ಲ. ಜಿ29 ಜೊತೆ ಅದು ಬರುವುದಿಲ್ಲ. ಗುಂಡಿಯೊಂದಕ್ಕೆ ಹ್ಯಾಂಡ್ ಬ್ರೇಕಿನ ಕೆಲಸ ಕೊಡಬಹುದಾದರೂ ಗುಂಡಿಗೆ ಪೂರ್ತಿ ಎಳೆದದ್ದು, ಪೂರ್ತಿ ಬಿಟ್ಟದ್ದು ಎರಡೇ ಗೊತ್ತು. ಆನ್‌ಲೈನಿನಲ್ಲಿ ಹೆಸರಿಲ್ಲದ ಕಂಪನಿಯದೊಂದನ್ನು 2,200 ರೂಪಾಯಿಗೆ ತರಿಸಿದೆ. ನೋಡಲು ಥಳಥಳ, ಎಳೆಯಲು ಗಟ್ಟಿ. ಐದನೇ ವಾರಕ್ಕೆ ಬುಡದ ಬೆಸುಗೆ ಬಿಟ್ಟಿತು, ಮರಳಿಸುವ ಅವಧಿ ಮುಗಿದಿತ್ತು. ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ಅದನ್ನು ನೋಡಿ, ಗುಜರಿಯಿಂದ ನಿಜವಾದ ಕಾರಿನ ಹ್ಯಾಂಡ್ ಬ್ರೇಕ್ ಕೋಲನ್ನೇ ತರಲು ಹೇಳಿದ. ಕೋಲಿನ ತಿರುಗುಣಿಗೆ ಹತ್ತು ಕಿಲೊ ಓಮಿನ ಪೊಟೆನ್ಶಿಯೊಮೀಟರ್, ಅದರ ಮೂರು ತಂತಿಗಳು ಆರ್ಡುಯಿನೊ ಪ್ರೊ ಮೈಕ್ರೊ ಎಂಬ ಬೆರಳುದ್ದದ ಹಲಗೆಗೆ, ಅಲ್ಲಿಂದ ಯುಎಸ್‌ಬಿ ತಂತಿ ಕಂಪ್ಯೂಟರಿಗೆ. ಆ ಹಲಗೆ ತನ್ನನ್ನು ಜಾಯ್‌ಸ್ಟಿಕ್ ಎಂದು ಕಂಪ್ಯೂಟರಿಗೆ ಪರಿಚಯಿಸಿಕೊಳ್ಳಬಲ್ಲದು, ಆದ್ದರಿಂದ ಬೇರೆ ಯಾವ ಯಂತ್ರವೂ ಬೇಡ. ಕೋಲನ್ನು ಹಿಡಿದಿಡುವ ಹಲ್ಲನ್ನು ಮಾತ್ರ ಅರದಿಂದ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಎಳೆದ ಬ್ರೇಕ್ ಎಳೆದಲ್ಲೇ ನಿಲ್ಲುತ್ತದೆ. ಒಟ್ಟು ಖರ್ಚು 650 ರೂಪಾಯಿ. ಇವತ್ತಿಗೂ ಕೆಲಸ ಮಾಡುತ್ತಿದೆ. ಹೊಳೆಯುವ ಮೊದಲನೆಯದು ಅಟ್ಟದ ಮೇಲಿದೆ.

ಆಟ ಅಸೆಟ್ಟೊ ಕೊರ್ಸಾ, ನಿಜವಾದ ಕಾರಿನ ಚಾಲನೆಯನ್ನು ಅನುಕರಿಸುವ ಸಿಮ್ಯುಲೇಟರ್. ಇಟಲಿಯ ಕುನೋಸ್ ಸಿಮುಲಾಜಿಯೊನಿಯವರು 2014ರಲ್ಲಿ ಪೂರ್ಣರೂಪದಲ್ಲಿ ಹೊರತಂದದ್ದು, ಹಾಗಾಗಿ ಹತ್ತು ವರ್ಷ ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲೂ ಸಲೀಸಾಗಿ ಓಡುತ್ತದೆ. ರಿಯಾಯಿತಿಯ ದಿನಗಳಲ್ಲಿ ನನಗೆ 420 ರೂಪಾಯಿಗೆ ಬಂತು. ಬಿಎಂಡಬ್ಲ್ಯೂ ಎಂ3 ಇ30 ಕಾರಿನ ಡ್ರಿಫ್ಟ್ ಆವೃತ್ತಿಯೂ, ಡ್ರಿಫ್ಟಿಗೆಂದೇ ಮಾಡಿದ ಒಂದು ಅಂಕಣವೂ ಮೂಲ ಆಟದಲ್ಲೇ ಇರುವುದರಿಂದ ಬೇರೇನೂ ಕೊಳ್ಳಬೇಕಿಲ್ಲ. ಸ್ಥಿರತೆಯ ನೆರವು, ಗಾಲಿ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ತಾನಾಗಿ ಒತ್ತಿಕೊಳ್ಳುವ ಕ್ಲಚ್, ಈ ಮೂರನ್ನೂ ಮೊದಲ ದಿನವೇ ಆಫ್ ಮಾಡಿ. ಚಕ್ರದ ತಿರುವನ್ನು 900 ಡಿಗ್ರಿಗೆ ಇಡಿ. ಫೋರ್ಸ್ ಫೀಡ್‌ಬ್ಯಾಕಿನ, ಅಂದರೆ ಮೋಟಾರು ಚಕ್ರವನ್ನು ತಿರುಗಿಸುವ ಬಲವನ್ನು ಪೂರ್ತಿ ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ಏರಿಸಿದರೆ ಮೋಟಾರು ತನ್ನ ಮಿತಿಯನ್ನು ಮುಟ್ಟಿ, ಸಣ್ಣ ಬಲ ದೊಡ್ಡ ಬಲ ಎರಡೂ ಕೈಗೆ ಒಂದೇ ತೆರನಾಗಿ ತಿಳಿಯುತ್ತವೆ. ನಾನು ಅದನ್ನು ಇಳಿಸಿ ಇಳಿಸಿ, ಜಾರುವಿಕೆ ಶುರುವಾಗುವಾಗ ಚಕ್ರ ಹಗುರಾಗುವುದು ಸ್ಪಷ್ಟವಾಗಿ ತಿಳಿಯುವ ಮಟ್ಟದಲ್ಲಿ ನಿಲ್ಲಿಸಿದೆ.

ಕಲಿಕೆಯ ವಿಷಯಕ್ಕೆ ಬರೋಣ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಎಂದು ನಿಯಮ ಮಾಡಿಕೊಂಡಿದ್ದೆ. ಮೊದಲ ಎರಡು ವಾರ ಮಾಡಿದ್ದು ಒಂದೇ ಕೆಲಸ: ಬಯಲಿನಲ್ಲಿ ನಿಂತಲ್ಲೇ ಚಕ್ರವನ್ನು ಪೂರ್ತಿ ತಿರುಗಿಸಿ, ಎಂಜಿನ್ನಿನ ಸುತ್ತು ಏರಿಸಿ, ಕ್ಲಚ್ಚನ್ನು ತಟಕ್ಕನೆ ಬಿಟ್ಟು, ಕಾರನ್ನು ತನ್ನದೇ ಮೂತಿಯ ಸುತ್ತ ಉಂಗುರ ಹೊಡೆಸುವುದು. ಉಂಗುರ ಹೊಡೆಯುವುದು ಸುಲಭ. ಅದೇ ಗಾತ್ರದ ಉಂಗುರವನ್ನು ಹತ್ತು ಬಾರಿ ಹೊಡೆಯುವುದು ಕಷ್ಟ. ನನ್ನ ಕಾರು ಮೂರನೇ ಸುತ್ತಿಗೆ ಗಿರಕಿ ಹೊಡೆದು ಹಿಮ್ಮುಖವಾಗಿ ನಿಲ್ಲುತ್ತಿತ್ತು. ಕಾರಣ ತಿಳಿಯಲು ವಾರ ಬೇಕಾಯಿತು: ಭಯಕ್ಕೆ ಚಕ್ರವನ್ನು ಬಿಗಿಯಾಗಿ ಹಿಡಿದಿರುತ್ತಿದ್ದೆ. ಅದು ತಿರುಗಬೇಕೆನ್ನುವ ದಿಕ್ಕಿಗೆ ತಿರುಗಲು ಬಿಡದೆ, ನನ್ನ ಲೆಕ್ಕಕ್ಕೆ ಬೇಕಾದಷ್ಟು ನಾನೇ ತಿರುಗಿಸುತ್ತಿದ್ದೆ, ಮತ್ತು ನನ್ನ ಲೆಕ್ಕ ಪ್ರತಿ ಬಾರಿಯೂ ಅರ್ಧ ಸೆಕೆಂಡು ತಡ. ಒಂದು ರಾತ್ರಿ ಬೇಸರಕ್ಕೆ ಚಕ್ರದಿಂದ ಕೈಯನ್ನೇ ತೆಗೆದು ಬರೀ ಆಕ್ಸಿಲರೇಟರ್ ಒತ್ತಿ ಕುಳಿತೆ. ಚಕ್ರ ತಾನೇ ಸುತ್ತಿ ವಿರುದ್ಧ ದಿಕ್ಕಿಗೆ ಹೋಗಿ ನಿಂತಿತು, ಕಾರು ಅಚ್ಚುಕಟ್ಟಾಗಿ ಜಾರುತ್ತ ಉಂಗುರ ಹೊಡೆಯತೊಡಗಿತು. ನನಗಿಂತ ಕಾರಿಗೇ ಹೆಚ್ಚು ಗೊತ್ತಿತ್ತು. ಅಂದಿನಿಂದ ಚಕ್ರವನ್ನು ಹಿಡಿಯುವುದು ಹೇಗೆ ಎಂಬುದರ ಬದಲು ಎಲ್ಲಿ ಹಿಡಿಯಬೇಕು ಎಂಬುದು ನನ್ನ ಅಭ್ಯಾಸವಾಯಿತು.

ಎಂಟಂಕಿ ಇದಕ್ಕಿಂತ ಕ್ರೂರ. ಎರಡು ಗುರುತುಗಳ ಸುತ್ತ ಕನ್ನಡದ ಅಂಕಿಯಲ್ಲ, ಇಂಗ್ಲಿಷಿನ 8 ಬರೆಯುವಂತೆ ಜಾರಬೇಕು; ನಡುವಿನ ಗಂಟಿನಲ್ಲಿ ಕಾರಿನ ಭಾರ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳುತ್ತದೆ. ಅಲ್ಲಿ ಆಕ್ಸಿಲರೇಟರನ್ನು ಮೆಲ್ಲನೆ ಸಡಿಲಿಸಿದರೆ ಹಿಂಭಾಗ ತಾನಾಗಿ ಆಚೆ ಮಗ್ಗುಲಿಗೆ ತೂಗುತ್ತದೆ. ಹೆದರಿ ಪೂರ್ತಿ ಬಿಟ್ಟರೆ ಹಿಂದಿನ ಟೈರುಗಳು ಒಮ್ಮೆಲೇ ನೆಲ ಕಚ್ಚಿ ಕಾರು ಚಾಟಿಯಂತೆ ಎದುರು ದಿಕ್ಕಿಗೆ ಬೀಸಿ ಹೋಗುತ್ತದೆ. ನಿಜವಾದ ಕಾರಿನಲ್ಲಿ ಗೋಡೆ, ಮರ, ಚರಂಡಿಗಳ ಪಾಲಾಗಿಸುವುದು ಇದೇ ಮರುಹೊಡೆತ. ಸಿಮ್ಯುಲೇಟರಿನಲ್ಲಿ ಇದನ್ನು ಏನಿಲ್ಲವೆಂದರೂ ಐನೂರು ಬಾರಿ ತಿಂದಿದ್ದೇನೆ, ಪ್ರತಿ ಬಾರಿಯೂ ಒಂದು ಗುಂಡಿ ಒತ್ತಿ ಮತ್ತೆ ಶುರು ಮಾಡಿದ್ದೇನೆ. ಮೇಸ್ತ್ರಿಯ ಚೀಟಿಯ ಎರಡು ಲಕ್ಷ ಉಳಿದದ್ದು ಈ ಐನೂರರಲ್ಲಿ. ಕ್ಲಚ್ ಕಿಕ್, ಅಂದರೆ ಜಾರುವಿಕೆ ಸಾಯುತ್ತಿರುವಾಗ ಕ್ಲಚ್ಚನ್ನು ಒಮ್ಮೆ ಒತ್ತಿ ಬಿಟ್ಟು ಹಿಂಗಾಲಿಗಳಿಗೆ ಹೊಡೆತ ಕೊಡುವುದು, ಮೂರನೇ ತಿಂಗಳಿಗೆ ಬಂತು. ಹ್ಯಾಂಡ್ ಬ್ರೇಕಿನಿಂದ ತಿರುವು ಪ್ರವೇಶಿಸುವುದು ನಾಲ್ಕನೆಯದಕ್ಕೆ.

ಜಿ29ರ ಮಿತಿಗಳನ್ನೂ ಹೇಳಬೇಕು. ಇದು ಹಲ್ಲಿನ ಗೇರಿನ ಯಂತ್ರ, ಆದ್ದರಿಂದ ಕಲ್ಲುಹಾದಿಯ ಮೇಲೆ ಕಟಕಟ ಸದ್ದು ಮಾಡುವುದು ಅದರ ಸ್ವಭಾವ. ಬೆಲ್ಟಿನವು ಇದಕ್ಕಿಂತ ನಯ, ನೇರ ಮೋಟಾರಿನವು ಇನ್ನೂ ನಯ, ಬೆಲೆಯೂ ಹಾಗೆಯೇ ಏರುತ್ತದೆ. ಡ್ರಿಫ್ಟಿನ ದೃಷ್ಟಿಯಿಂದ ಮುಖ್ಯವಾದ ಕೊರತೆ ವೇಗದ್ದು: ಚಕ್ರ ತಾನಾಗಿ ಸುತ್ತುವುದು ದುಬಾರಿ ಸೆಟ್ಟುಗಳಷ್ಟು ಚುರುಕಲ್ಲ, ಎಂಟಂಕಿಯ ನಡುವಿನಲ್ಲಿ ಕೈಯಿಂದ ಒಂದು ತಳ್ಳು ಕೊಡಬೇಕಾಗುತ್ತದೆ. ಬ್ರೇಕ್ ಪೆಡಲಿನೊಳಗೆ ರಬ್ಬರಿನ ತುಂಡೊಂದಿದ್ದು ಅರ್ಧದ ನಂತರ ಕಲ್ಲಿನಂತೆ ಗಡುಸಾಗುತ್ತದೆ. ಕೆಲವರು ಅದನ್ನು ತೆಗೆಯುತ್ತಾರೆ. ನಾನು ಹಾಗೆಯೇ ಬಿಟ್ಟೆ, ಕಾಲು ಎರಡು ವಾರದಲ್ಲಿ ಒಗ್ಗಿತು.

ಜುಲೈನಲ್ಲಿ ಪರೀಕ್ಷೆಯ ದಿನ ಬಂತು. ಮಾಯಕೊಂಡದ ಕಡೆ ನಮ್ಮ ಸಂಬಂಧಿಕರ ಹೊಲದಲ್ಲಿ ಮೆಕ್ಕೆಜೋಳ ಒಣಗಿಸುವ ವಿಶಾಲವಾದ ಕಣವಿದೆ, ಸುಗ್ಗಿಯಿಲ್ಲದ ತಿಂಗಳುಗಳಲ್ಲಿ ಖಾಲಿ. ಅದು ಗಟ್ಟಿಯಾಗಿ ತುಳಿದ ಮಸಾರಿ ನೆಲ; ಎರೆ ನೆಲವಾಗಿದ್ದರೆ ಮಳೆಗೆ ಗಾಲಿ ಹೂತು ಟ್ರ್ಯಾಕ್ಟರ್ ಕರೆಯಬೇಕಾಗುತ್ತಿತ್ತು. ಗಾಡಿ ಅವರದೇ ತರಕಾರಿ ಸಾಗಿಸುವ ಓಮ್ನಿ. ಓಮ್ನಿ ಡ್ರಿಫ್ಟಿಗೆ ಹೇಳಿ ಮಾಡಿಸಿದ ಗಾಡಿಯಲ್ಲವೆಂದು ಮೊದಲೇ ಹೇಳುತ್ತೇನೆ: 796 ಸಿಸಿಯ ಎಂಜಿನ್, ಎತ್ತರದ ಮೈ, ಎರಡು ಮೀಟರಿಗಿಂತ ಕಡಿಮೆ ಗಾಲಿಯಂತರ. ಒಣ ಡಾಂಬರಿನ ಮೇಲೆ ಅದನ್ನು ಜಾರಿಸಲು ಹೋದರೆ ಜಾರುವ ಬದಲು ಮಗುಚುವ ಸಂಭವವೇ ಹೆಚ್ಚು. ಆದರೆ ಹಿಂಗಾಲಿ ಗಾಡಿ, ಹಿಂದೆ ಖಾಲಿ ಇದ್ದಾಗ ಹಗುರ, ಒದ್ದೆ ಮಣ್ಣಿನ ಮೇಲೆ ಸೈಕಲ್ಲಿನ ವೇಗದಲ್ಲೇ ಹಿಂಭಾಗ ಸಡಿಲಾಗುತ್ತದೆ. ಕಣದಲ್ಲಿ ಕಲ್ಲು, ಗುಂಡಿ ಇಲ್ಲವೆಂದು ನಡೆದು ನೋಡಿ, ಒಬ್ಬನೇ ಕುಳಿತು, ಬೆಲ್ಟ್ ಹೆಲ್ಮೆಟ್ ಹಾಕಿ, ಇಪ್ಪತ್ತು ಕಿಲೊಮೀಟರ್ ವೇಗ ಮೀರುವುದಿಲ್ಲವೆಂದು ಮನೆಯವರಿಗೆ ಮಾತು ಕೊಟ್ಟು ಹೊರಟೆ. ಸಂಬಂಧಿಕರು, ಅವರ ಇಬ್ಬರು ಆಳುಗಳು ಮತ್ತು ಒಂದು ಎಮ್ಮೆ ಬದುವಿನ ಆಚೆ ನಿಂತು ನೋಡಿದರು.

ಮೊದಲ ಪ್ರಯತ್ನದಲ್ಲಿ ಗಾಡಿ ಜಾರಿದ ಕ್ಷಣವೇ ಕೈಗಳು ತಾವಾಗಿ ವಿರುದ್ಧ ದಿಕ್ಕಿಗೆ ಹೋದವು. ಅದನ್ನು ನಾನು ಯೋಚಿಸಿ ಮಾಡಲಿಲ್ಲ; ಎಂಟು ತಿಂಗಳ ರಾತ್ರಿಗಳು ಮಾಡಿದವು. ಅಷ್ಟರ ಮಟ್ಟಿಗೆ ಸೆಟ್ಟಿಗೆ ಪೂರ್ತಿ ಅಂಕ. ಆದರೂ ಗಾಡಿ ಗಿರಕಿ ಹೊಡೆದು ನಿಂತಿತು, ಏಕೆಂದರೆ ಓಮ್ನಿಗೆ ಪವರ್ ಸ್ಟೀರಿಂಗ್ ಇಲ್ಲ, ಅದರ ಚಕ್ರ ಭಾರ, ನನ್ನ ಕೈ ಜಿ29ರ ಹಗುರಕ್ಕೆ ಒಗ್ಗಿತ್ತು. ಇನ್ನೊಂದು ವಿಚಿತ್ರವೆಂದರೆ ಓಮ್ನಿಯಲ್ಲಿ ಚಾಲಕ ಕೂರುವುದು ಮುಂಗಾಲಿಗಳ ಮೇಲೆಯೇ. ಹಿಂಭಾಗ ಬಹಳ ಹಿಂದೆಲ್ಲೋ ಜಾರುತ್ತಿರುತ್ತದೆ, ಸೊಂಟಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ. ನಾಲ್ಕನೆಯದೋ ಐದನೆಯದೋ ಪ್ರಯತ್ನದಲ್ಲಿ ಅರ್ಧ ಉಂಗುರದಷ್ಟು ದೂರ, ಎರಡು ಸೆಕೆಂಡು ಇರಬಹುದು, ಜಾರುವಿಕೆ ಕೈತಪ್ಪದೆ ಮುಂದುವರಿಯಿತು. ಎಂಜಿನ್ ಗೊಗ್ಗರು ದನಿಯಲ್ಲಿ ಒದರುತ್ತಿತ್ತು, ಕಿಟಕಿಯಿಂದ ಕೆಂಪು ರಾಡಿ ಒಳಗೆ ಬಂದು ತೊಡೆಯ ಮೇಲೆ ಬಿತ್ತು, ಮತ್ತು ಎಡಗಿವಿಯ ಕಡೆಯಿಂದ ಹೊಲ ಅಡ್ಡಡ್ಡವಾಗಿ ಸರಿಯುತ್ತಿತ್ತು. ಆಮೇಲೆ ಒಳಮಗ್ಗುಲಿನ ಗಾಲಿ ಮಾತ್ರ ಸುತ್ತಿ ಹೊರಮಗ್ಗುಲಿನದು ಸುಮ್ಮನಾಯಿತು. ಡಿಫರೆನ್ಷಿಯಲ್ ಬಿಡಿಯಾಗಿರುವ ಗಾಡಿಯ ಹಣೆಬರಹ ಅದು. ಹಿಡಿತ ಕಡಿಮೆಯಿರುವ ಗಾಲಿಯತ್ತಲೇ ಬಲ ಸೋರಿ ಹೋಗುತ್ತದೆ. ಮೇಸ್ತ್ರಿ ತಮ್ಮ ಚೀಟಿಯಲ್ಲಿ ವೆಲ್ಡಿಂಗಿಗೆ ದುಡ್ಡು ಬರೆದದ್ದು ಏಕೆಂದು ಆಗ ಅರ್ಥವಾಯಿತು. ಎರಡು ಹಿಂಗಾಲಿಗಳನ್ನು ಒಂದಾಗಿ ಬೆಸೆದರೆ ಡ್ರಿಫ್ಟಿಗೆ ಅನುಕೂಲ, ಆದರೆ ಅದೇ ಗಾಡಿಯಲ್ಲಿ ಮಾರನೇ ದಿನ ಸಂತೆಗೆ ಟೊಮೆಟೊ ಒಯ್ಯುವಂತಿಲ್ಲ.

ಸಿಮ್ಯುಲೇಟರ್ ಕಲಿಸದೇ ಇದ್ದದ್ದು ಮುಖ್ಯವಾಗಿ ಎರಡು. ಒಂದು, ಸೀಟಿನಿಂದ ಬೆನ್ನಿಗೆ ಬರುವ ಸುದ್ದಿ. ಮನೆಯಲ್ಲಿ ಕಣ್ಣು ಮತ್ತು ಕೈ ಎರಡೇ ಕೆಲಸ ಮಾಡುತ್ತವೆ. ಇನ್ನೊಂದು, ಅಂಜಿಕೆ. ಗುಂಡಿ ಒತ್ತಿ ಮತ್ತೆ ಶುರು ಮಾಡಲಾಗದು ಎಂದು ಗೊತ್ತಿರುವಾಗ ಬಲಗಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ, ಮರುಹೊಡೆತಕ್ಕೆ ಅದೇ ಆಹ್ವಾನ. ಇದಕ್ಕೆ ಔಷಧವಾಗಿ ಬೆಂಗಳೂರಿಗೆ ಹೋದಾಗ ಗೋ ಕಾರ್ಟಿಂಗ್ ಮಾಡಿ ಎಂದು ಕೆಲವರು ಹೇಳುತ್ತಾರೆ. ನಾನೂ ಮಾಡಿದೆ, ವೇಗದ ಅಂಜಿಕೆ ಕಳೆಯಲು ಒಳ್ಳೆಯದು, ಉದ್ದ ಜಾರುವಿಕೆ ಕಲಿಯಲು ಅಲ್ಲ. ಮುಂದೆ ನಿಜವಾದ ಸ್ಪರ್ಧೆಗೆ, ಮಣ್ಣಿನ ಆಟೊಕ್ರಾಸಿಗಾದರೂ, ಇಳಿಯುವ ಮನಸ್ಸಿದ್ದರೆ ದೇಶದ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆಯ ಸ್ಪರ್ಧೆಗಳನ್ನೇ ಹುಡುಕಿ. ಅಲ್ಲಿ ಪರವಾನಗಿ, ಹೆಲ್ಮೆಟ್ಟಿನ ತಪಾಸಣೆ, ಆಂಬುಲೆನ್ಸ್ ಇವೆಲ್ಲ ಇರುತ್ತವೆ.

ಖರ್ಚಿನ ಲೆಕ್ಕ: ಸೆಟ್ಟು 14,500, ಚೌಕಟ್ಟು 3,400, ಗುಜರಿ ಹ್ಯಾಂಡ್ ಬ್ರೇಕ್ 650, ಆಟ 420, ಒಟ್ಟು 18,970 ರೂಪಾಯಿ. ಅಟ್ಟದ ಮೇಲಿರುವ ಹ್ಯಾಂಡ್ ಬ್ರೇಕನ್ನೂ ಸೇರಿಸಿದರೆ 21,170. ಕಂಪ್ಯೂಟರ್ ಮೊದಲೇ ಇತ್ತು. ಇಲ್ಲದವರಿಗೆ ಈ ಲೆಕ್ಕ ಒಪ್ಪುವುದಿಲ್ಲ, ಅಂಥವರು ಮನೆಯಲ್ಲಿ ಪ್ಲೇಸ್ಟೇಷನ್ 4 ಇದ್ದರೆ ಅದಕ್ಕೇ ಜಿ29 ಜೋಡಿಸಬಹುದು, ಅಸೆಟ್ಟೊ ಕೊರ್ಸಾ ಅದಕ್ಕೂ ಬಂದಿದೆ. ಚಿತ್ರದುರ್ಗದ ಗೆಳೆಯರೊಬ್ಬರು ನನ್ನ ಸೆಟ್ಟನ್ನು ಎರಡು ಭಾನುವಾರ ಬಂದು ಬಳಸಿ ನೋಡಿ ತಾವೂ ಹಳೆಯದೊಂದನ್ನು ಹುಡುಕುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಮಾರುವವರ ಮನೆಗೆ ಹೋಗಿ, ಅವರ ಕಂಪ್ಯೂಟರಿನಲ್ಲೇ ಜೋಡಿಸಿ ನೋಡಿ. ವಿದ್ಯುತ್ ಕೊಟ್ಟ ಕೂಡಲೇ ಚಕ್ರ ತಾನಾಗಿ ಎರಡೂ ತುದಿಗೆ ತಿರುಗಿ ನಡುವಿಗೆ ಬಂದು ನಿಲ್ಲಬೇಕು, ನಡುವೆ ಎಲ್ಲಿಯೂ ತಡೆಯಬಾರದು. ಮೂರು ಪೆಡಲುಗಳನ್ನು ಒಂದೊಂದಾಗಿ ಬಹಳ ನಿಧಾನವಾಗಿ ಒತ್ತಿ ಪರದೆಯ ಪಟ್ಟಿ ಜಿಗಿಯದೆ ಏರುವುದನ್ನು ನೋಡಿ. ಬಿಟ್ಟಾಗ ಸೊನ್ನೆಗೇ ಬರಬೇಕು. ಕರೆಂಟಿನ ಅಡಾಪ್ಟರ್ ಮೂಲದ್ದೇ ಎಂದು ಕೇಳಿ. ಮತ್ತು ಒಂದು ಸಣ್ಣ ಸ್ಕ್ರೂ ಡ್ರೈವರ್ ಜೇಬಿನಲ್ಲಿರಲಿ, ಪೆಡಲ್ ಪೆಟ್ಟಿಗೆಯ ತಳವನ್ನು ಬಿಚ್ಚಿ ನೋಡಲು ಬಿಡದವರಿಂದ ಕೊಳ್ಳಬೇಡಿ.